ಮೀನು ಸೆಳೆಯೋ ದೀಪಕ್ಕೆ ವೈರಿಂಗ್ ಆಗೋದು ದಡದಲ್ಲಿ, ನಿಷೇಧ ಮಾತ್ರ ಕಡಲಲ್ಲಿ

ಕರಾವಳಿಯಲ್ಲಿ ‘ಲೈಟ್ ಫಿಶಿಂಗ್’ ನಿಷೇಧವಾಗಿ ಎಂಟು ವರ್ಷ ದಾಟಿದೆ. ಬೋಟಿಗೆ ದೀಪ ಕಟ್ಟಿ, ರಾತ್ರಿ ಹೊತ್ತು ನೀರಿಗೆ ಬೆಳಕು ಬಿಟ್ಟು, ಅದರತ್ತ ಬಂದ ಮೀನನ್ನೆಲ್ಲ ಬಲೆಗೆ ಹಾಕಿಕೊಳ್ಳೋ ಪದ್ಧತಿ ಇದು. 2017ರ ನವೆಂಬರ್‌ನಲ್ಲೇ ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿತು. ಆದರೂ ನಾಡದೋಣಿ ಮೀನುಗಾರರು ‘ಲೈಟ್ ಫಿಶಿಂಗ್ ನಿಲ್ಲಿಸಿ’ ಅಂತ ಮತ್ತೆ ಮತ್ತೆ ಬೀದಿಗೆ ಇಳಿಯೋದು ನಿಂತಿಲ್ಲ. ಪ್ರತಿಭಟನೆ ನಡೆದಾಗ ಅಧಿಕಾರಿಗಳು ಕ್ರಮದ ಭರವಸೆ ಕೊಡ್ತಾರೆ. ನಾಲ್ಕು ದಿನ ಸುದ್ದಿಯಾಗುತ್ತೆ, ಆಮೇಲೆ ಎಲ್ಲ ತಣ್ಣಗೆ.

ಬೆಂಗಳೂರಲ್ಲಿ ಕೂತು ನೋಡಿದರೆ ಇದು ಇಬ್ಬರು ಮೀನುಗಾರರ ನಡುವಿನ ಜಗಳದ ಹಾಗೆ ಕಾಣಬಹುದು. ನಾನು ಕೆಲಸ ಮಾಡೋದು ಪಟ್ಟಂದೂರು ಅಗ್ರಹಾರದಲ್ಲಿ, ಎಲ್‌ಇಡಿ ದೀಪಕ್ಕೆ ಹದವಾಗಿ ಕರೆಂಟ್ ಕೊಡೋ ‘ಡ್ರೈವರ್’ ಅನ್ನೋ ಪೆಟ್ಟಿಗೆಗಳ ಮೇಲೆ. ಹಾಗಾಗಿ ನನಗೆ ಈ ಜಗಳದಲ್ಲಿ ಮೊದಲು ಕಾಣೋದು ಒಂದು ಸರ್ಕ್ಯೂಟ್. ಬೋಟಿನ ಮೇಲೆ ನೀರಿನೊಳಗಿನ ದೀಪವನ್ನು ಹೇಗೆ ಕೂರಿಸ್ತಾರೆ, ಅದಕ್ಕೆ ವೈರಿಂಗ್ ಹೇಗೆ ಮಾಡ್ತಾರೆ ಅಂತ ಅರ್ಥವಾದರೆ, ಈ ನಿಷೇಧ ಯಾಕೆ ಸೋಲ್ತಿದೆ, ಎಲ್ಲಿ ಹಿಡಿದರೆ ಗೆಲ್ಲುತ್ತೆ ಅನ್ನೋದೂ ಅರ್ಥವಾಗುತ್ತೆ.

ಮೀನು ಬೆಳಕಿಗೆ ಯಾಕೆ ಬರುತ್ತೆ?

ಬೆಳಕಿನ ಬೇಟೆ ಹೊಸದಲ್ಲ. ಒಣಗಿದ ತೆಂಗಿನ ಗರಿಯ ಸೂಡಿ ಹಚ್ಚಿಕೊಂಡು ರಾತ್ರಿ ಗದ್ದೆ, ತೋಡುಗಳಲ್ಲಿ ಮೀನು ಹಿಡಿಯೋದು ನಮ್ಮ ಕರಾವಳಿಯ ಜನರಿಗೆ ಗೊತ್ತಿರೋದೇ. ಮೆಡಿಟರೇನಿಯನ್ ಕಡಲಲ್ಲಿ ದೀಪ ಇಟ್ಟು ಬೂತಾಯಿ ಜಾತಿಯ ಮೀನು ಹಿಡಿಯೋ ‘ಲಂಪಾರಾ’ ಪದ್ಧತಿ ಇದೆ. ಜಪಾನಿನವರು ಬೊಂಡಾಸ್ ಹಿಡಿಯೋಕೆ ಬೋಟಿನ ತುಂಬ ದೀಪ ಕಟ್ಟಿಕೊಂಡು ಹೋಗ್ತಾರೆ.

ಕಡಲಲ್ಲಿ ನಡೆಯೋದು ಇಷ್ಟು. ಬೆಳಕು ಬಿದ್ದ ಕಡೆ ಸಣ್ಣ ತೇಲುಜೀವಿಗಳು ಸೇರುತ್ತವೆ. ಅವನ್ನು ತಿನ್ನೋಕೆ ಕೊಲ್ಲತರು, ಬೂತಾಯಿ, ಬಂಗುಡೆಯಂಥ ಮೀನು ಬರುತ್ತವೆ, ಅವುಗಳಲ್ಲಿ ಕೆಲವಕ್ಕೆ ಬೆಳಕೇ ಒಂದು ಸೆಳೆತ. ಇವನ್ನು ತಿನ್ನೋ ಬೊಂಡಾಸ್, ದೊಡ್ಡ ಮೀನುಗಳು ಬೆಳಕಿನ ಅಂಚಿನ ನೆರಳಲ್ಲಿ ಹೊಂಚು ಹಾಕುತ್ತವೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಇದು ಚೆನ್ನಾಗಿ ನಡೆಯುತ್ತೆ. ಹುಣ್ಣಿಮೆ ರಾತ್ರಿ ಕಡಲ ತುಂಬ ಬೆಳದಿಂಗಳು ಇರೋದರಿಂದ ದೀಪದ ಸೆಳೆತ ತಗ್ಗುತ್ತೆ.

ಇನ್ನು ಬಣ್ಣದ ವಿಷಯ. ನೀರು ಎಲ್ಲ ಬಣ್ಣವನ್ನೂ ಒಂದೇ ಥರ ಒಳಗೆ ಬಿಡಲ್ಲ. ಶುದ್ಧ ನೀರಿನಲ್ಲೂ ಕೆಂಪು ಬೆಳಕು 10 ಮೀಟರ್ ಸಾಗುವಷ್ಟರಲ್ಲಿ ನೂರಕ್ಕೆ ಐದು ಪಾಲೂ ಉಳಿಯಲ್ಲ. ನೀಲಿ ಬೆಳಕು ಹೆಚ್ಚುಪಾಲು ಉಳಿಯುತ್ತೆ. ದಡದ ಹತ್ತಿರದ ಕಲಕು ನೀರಲ್ಲಿ ಹಸಿರು ಹೆಚ್ಚು ದೂರ ಹೋಗುತ್ತೆ, ಆಳ ಕಡಲಲ್ಲಿ ನೀಲಿ. ಅದಕ್ಕೇ ಮೀನಿನ ದೀಪಗಳು ಸಾಮಾನ್ಯವಾಗಿ ಹಸಿರು, ನೀಲಿ ಅಥವಾ ಬಿಳಿ ಬಣ್ಣದಲ್ಲಿ ಇರೋದು.

ಕಡಿಮೆ ಕರೆಂಟಿನಲ್ಲಿ ಪ್ರಖರ ನೀಲಿ ಬೆಳಕು ಸಿಗೋಕೆ ಶುರುವಾಗಿದ್ದು 1990ರ ದಶಕದಲ್ಲಿ. ನೀಲಿ ಎಲ್‌ಇಡಿ ಸಾಧ್ಯ ಮಾಡಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಾಕಾಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ನಮ್ಮ ಮನೆಯ ಬಲ್ಬು, ಕೈಯಲ್ಲಿರೋ ಮೊಬೈಲಿನ ಬೆಳಕು ಎಲ್ಲ ಆ ಸಂಶೋಧನೆಯ ಫಲ. ಅದೇ ಫಲ ಕಡಲಿಗೂ ಇಳಿಯಿತು. ಮೊದಲು ಲೈಟ್ ಫಿಶಿಂಗಿಗೆ ಬೇಕಾಗಿದ್ದ ಕರೆಂಟಿನಲ್ಲಿ ಈಗ ಹೆಚ್ಚು ಬೆಳಕು ಸಿಗುತ್ತೆ, ಅದೂ ನೀರಿನಲ್ಲಿ ದೂರ ಹೋಗೋ ಬಣ್ಣದಲ್ಲಿ.

ಬೆಳಕು ತಲುಪೋ ದೂರ ಎರಡರಷ್ಟಾದರೆ, ಅದು ಆವರಿಸೋ ನೀರು ಎಂಟರಷ್ಟಾಗುತ್ತೆ. ಸೂಡಿಗೂ ಇಂದಿನ ದೀಪಗಳ ಗೊಂಚಲಿಗೂ ಇರೋ ವ್ಯತ್ಯಾಸವನ್ನು ಈ ಲೆಕ್ಕದಲ್ಲಿ ನೋಡಬೇಕು.

ಒಂದು ದೀಪ ಕೂರಿಸೋದು ಹೇಗೆ?

ಬೋಟಿನ ನೀರೊಳಗಿನ ದೀಪಗಳಲ್ಲಿ ಎರಡು ಬಗೆ. ಒಂದು, ಬೋಟಿನ ಮೈಗೆ, ನೀರಿನ ಮಟ್ಟದ ಕೆಳಗೆ ಸ್ಕ್ರೂ ಹಾಕಿ ಕೂರಿಸೋದು. ವಿಹಾರದ ಬೋಟುಗಳಲ್ಲಿ ಅಂದಕ್ಕೆ ಹಾಕೋದು ಇದನ್ನೇ. ಇನ್ನೊಂದು, ಉದ್ದ ಕೇಬಲ್ಲಿನ ತುದಿಗೆ ಕಟ್ಟಿ ನೀರಿಗೆ ಇಳಿಬಿಡೋದು. ಮೀನು ಸೆಳೆಯೋಕೆ ಅನುಕೂಲ ಎರಡನೆಯದು.

ಮೈಗೆ ಕೂರಿಸೋ ದೀಪದಲ್ಲಿ ಮೊದಲ ಭಯ ತೂತಿನದು. ನೀರಿನ ಮಟ್ಟದ ಕೆಳಗೆ ಕೊರೆದ ಪ್ರತಿ ತೂತೂ ಬೋಟು ಮುಳುಗೋಕೆ ಒಂದು ದಾರಿ. ಅದಕ್ಕೇ ವೈರ್ ಒಳಗೆ ಹೋಗೋ ತೂತನ್ನು ಆದಷ್ಟು ನೀರಿನ ಮಟ್ಟದ ಮೇಲೆ ಇಡ್ತಾರೆ, ಸ್ಕ್ರೂ ತೂತುಗಳಿಗೆ ನೀರಿನಡಿ ತಡೆಯೋ ಸೀಲಂಟ್ ತುಂಬ್ತಾರೆ. ಬಾತ್‌ರೂಮಿನ ಸಿಲಿಕಾನ್ ಇಲ್ಲಿ ನಡೆಯಲ್ಲ. ಇನ್ನೊಂದು ಎಚ್ಚರ ಶಾಖದ್ದು. ಇಂಥ ಎಲ್‌ಇಡಿಯನ್ನು ತಣ್ಣಗಿಡೋದು ಸುತ್ತಲಿನ ನೀರು. ಬೋಟು ದಡದ ಮೇಲಿದ್ದಾಗ ಅದನ್ನು ಹೊತ್ತುಗಟ್ಟಲೆ ಉರಿಸಿದರೆ ಸುಟ್ಟುಹೋಗುತ್ತೆ.

ಆಮೇಲೆ ವೈರ್. ಉಪ್ಪುಗಾಳಿಗೆ ಬರಿ ತಾಮ್ರ ಬೇಗ ಕರಗಿ ಹಸಿರಾಗುತ್ತೆ. ಆದ್ದರಿಂದ ತವರ ಲೇಪಿಸಿದ ತಾಮ್ರದ ವೈರ್ ಬೇಕು. ಬ್ಯಾಟರಿಯಿಂದ ಹೊರಟ ಕೂಡಲೇ, ಒಂದು ಗೇಣಿನೊಳಗೇ ಫ್ಯೂಸ್ ಇರಬೇಕು. ದೀಪದ ಹತ್ತಿರ ಫ್ಯೂಸ್ ಇಟ್ಟರೆ, ನಡುವೆ ಎಲ್ಲಾದರೂ ವೈರ್ ಉಜ್ಜಿ ಶಾರ್ಟ್ ಆದಾಗ ಅದು ಏನೂ ಮಾಡಲ್ಲ, ವೈರೇ ಹೊತ್ತಿಕೊಳ್ಳುತ್ತೆ. ಉಕ್ಕಿನ ಬೋಟಾದರೆ ಇನ್ನೊಂದು ಗಂಡಾಂತರ ಇದೆ. ಎಲ್ಲಾದರೂ ಕರೆಂಟ್ ಬೋಟಿನ ಮೈಗೆ ಸೋರಿದರೆ, ಉಪ್ಪುನೀರಿನಲ್ಲಿ ಆ ಜಾಗದ ಲೋಹ ಕೊರೆದುಹೋಗೋಕೆ ಹೆಚ್ಚು ಕಾಲ ಬೇಡ.

ವೈರಿನ ದಪ್ಪದ ಲೆಕ್ಕ ಸರಳ. 60 ವ್ಯಾಟಿನ ಒಂದು ದೀಪ, 12 ವೋಲ್ಟ್ ಬ್ಯಾಟರಿ, ನಡುವೆ 10 ಮೀಟರ್ ದೂರ ಅಂದುಕೊಳ್ಳಿ. 60ನ್ನು 12ರಿಂದ ಭಾಗಿಸಿದರೆ 5 ಆಂಪಿಯರ್. ಕರೆಂಟ್ ಹೋಗಿ ಬರೋ ದಾರಿ 20 ಮೀಟರ್. 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 0.74 ವೋಲ್ಟ್ ಕಳೆದುಹೋಗುತ್ತೆ, ಅಂದರೆ ನೂರಕ್ಕೆ ಆರು ಪಾಲು. 6 ಚದರ ಮಿಲಿಮೀಟರ್ ಹಾಕಿದರೆ ನಷ್ಟ ಎರಡೂವರೆ ಪಾಲಿಗೆ ಇಳಿಯುತ್ತೆ. ಸಣ್ಣ ದೋಣಿಗೆ ಇಷ್ಟೇ ಸಾಕು. ಕಾರಿನ ಬ್ಯಾಟರಿಯಂಥದ್ದೊಂದು ಇದ್ದರೆ ರಾತ್ರಿಯಿಡೀ ಉರಿಯುತ್ತೆ.

ದೀಪ ದೊಡ್ಡದಾದರೆ ಏನಾಗುತ್ತೆ?

ಈಗ ಇದೇ ಲೆಕ್ಕವನ್ನು ದೊಡ್ಡ ಬೋಟಿಗೆ ಹಾಕೋಣ. ಉದಾಹರಣೆಗೆ, 500 ವ್ಯಾಟಿನ 10 ದೀಪ. ಒಟ್ಟು 5 ಕಿಲೋವ್ಯಾಟ್. ಇದನ್ನು 12 ವೋಲ್ಟಿನಲ್ಲಿ ಉರಿಸಬೇಕು ಅಂದರೆ 400ಕ್ಕೂ ಹೆಚ್ಚು ಆಂಪಿಯರ್ ಬೇಕು. 10 ಮೀಟರ್ ದೂರಕ್ಕೆ ಸುಮಾರು 250 ಚದರ ಮಿಲಿಮೀಟರಿನ ಕೇಬಲ್ ಬೇಕಾಗುತ್ತೆ, ಹೆಬ್ಬೆರಳಿಗಿಂತ ದಪ್ಪದ್ದು, ಅದೂ ಎರಡು. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ ಕಾಲು ಗಂಟೆಯೂ ಬಾಳಲ್ಲ. ಹೀಗೆ ಯಾರೂ ಮಾಡಲ್ಲ, ಮಾಡೋಕೂ ಆಗಲ್ಲ.

ಅದೇ 5 ಕಿಲೋವ್ಯಾಟನ್ನು 230 ವೋಲ್ಟಿನಲ್ಲಿ ಕೊಟ್ಟರೆ 22 ಆಂಪಿಯರ್ ಸಾಕು. ನಮ್ಮ ಮನೆಯ ಗೀಸರಿಗೆ ಹಾಕೋಂಥ 4 ಚದರ ಮಿಲಿಮೀಟರಿನ ವೈರೇ 30 ಮೀಟರ್ ದೂರಕ್ಕೂ ನಡೆಯುತ್ತೆ. ಆದರೆ ಅದಕ್ಕೆ ಜನರೇಟರ್ ಬೇಕು. ಜೊತೆಗೆ ಸ್ವಿಚ್ ಬೋರ್ಡ್, ಡ್ರೈವರ್ ಪೆಟ್ಟಿಗೆಗಳು, ಜನರೇಟರಿಗೆ ಬೇರೆ ಡೀಸೆಲ್. ಅಂದರೆ ಕಡಲ ಮೀನನ್ನು ದೊಡ್ಡ ಪ್ರಮಾಣದಲ್ಲಿ ಸೆಳೆಯೋ ಬೆಳಕು ಹಗುರವಾದ ವಸ್ತು ಅಲ್ಲ. ಅದಕ್ಕೆ ಭಾರ ಇದೆ, ಜಾಗ ಬೇಕು, ಬಂಡವಾಳ ಬೇಕು.

ಇಲ್ಲೇ ರಾಜಕೀಯ ಶುರುವಾಗೋದು. ನಾಡದೋಣಿಯವರ ಹತ್ತಿರ ಇರೋದು ಔಟ್‌ಬೋರ್ಡ್ ಎಂಜಿನ್ ಹಾಕಿದ ತೆರೆದ ದೋಣಿ. ಅದರಲ್ಲಿ ಜನರೇಟರ್ ಇಟ್ಟು ಇಂಥ ದೀಪಗಳ ಗೊಂಚಲು ಉರಿಸೋಕೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ಮೂವತ್ತರಷ್ಟು ಜನ ಹೋಗೋ ಪರ್ಸಿನ್ ಬೋಟಿಗೆ ಎರಡೂ ಇದೆ. ಕಡಲಿನ ಮೀನು ಯಾರ ಸ್ವತ್ತೂ ಅಲ್ಲ, ಹಿಡಿದವರದ್ದು. ಅಂಥ ಕಡೆ ಒಬ್ಬರು ಸುತ್ತಲಿನ ಮೀನನ್ನು ಒಂದೇ ಜಾಗಕ್ಕೆ ಕರೆಯೋ ಯಂತ್ರ ತಂದರೆ, ಆ ಯಂತ್ರ ಇಲ್ಲದವರ ಪಾಲು ತಾನಾಗೇ ಕುಗ್ಗುತ್ತೆ. ಮೀನು ಹುಡುಕಿಕೊಂಡು ಹೋಗೋದು ಒಂದು ಪೈಪೋಟಿ. ಮೀನೇ ತನ್ನತ್ತ ಬರೋ ಹಾಗೆ ಮಾಡೋದು ಇನ್ನೊಂದು.

ಕರಾವಳಿಗೆ ಈ ಕಥೆ ಹೊಸದಲ್ಲ. ಊರಿನ ಹತ್ತಾರು ಜನ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದ ಕೊನೆಯಲ್ಲಿ ಮೂಲೆಗುಂಪಾಗಿದ್ದು ಪರ್ಸಿನ್ ಬೋಟುಗಳು ಬಂದ ಮೇಲೆ. ರಂಪಣಿಯವರು ಮೀನು ದಡಕ್ಕೆ ಬರಲಿ ಅಂತ ಕಾಯುತ್ತಿದ್ದರು. ಪರ್ಸಿನ್‌ನವರು ಮೀನು ದಡಕ್ಕೆ ಬರೋ ಮೊದಲೇ ಸುತ್ತುಗಟ್ಟಿದರು. ಅವತ್ತು ಎಂಜಿನ್ ಮತ್ತು ಬಲೆಯಿಂದ ಆಗಿದ್ದು ಈಗ ಜನರೇಟರ್ ಮತ್ತು ದೀಪದಿಂದ ಆಗ್ತಿದೆ.

ಮೀನು ಕಡಿಮೆಯಾಗೋಕೆ ಲೈಟ್ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಬೂತಾಯಿಯ ಏರಿಳಿತಕ್ಕೆ ಮಳೆ, ನೀರಿನ ಬಿಸಿ, ಕಡಲಿನ ಆಹಾರ ಎಲ್ಲ ಸೇರಿಕೊಂಡಿದೆ. ಆದರೆ ದೀಪಕ್ಕೆ ದೊಡ್ಡ ಮೀನು, ಮರಿ ಮೀನು ಅನ್ನೋ ಭೇದ ಇಲ್ಲ, ಎಲ್ಲವನ್ನೂ ಕರೆಯುತ್ತೆ. ಆರಿಸಬೇಕಾದ್ದು ಬಲೆ. ಬಲೆಯ ಕಣ್ಣು ಸಣ್ಣದಾದರೆ ಇನ್ನೂ ಮೊಟ್ಟೆ ಇಡದ ಮರಿಗಳೂ ಒಳಗೆ. ಇವತ್ತಿನ ಭರ್ತಿ ಬಲೆ ಅಂದರೆ ಮುಂದಿನ ವರ್ಷದ ಮೀನನ್ನು ಇವತ್ತೇ ಮಾರೋದು.

ಕಾನೂನು ಎಲ್ಲಿ ಜಾರುತ್ತೆ?

ಸಂವಿಧಾನದ ಏಳನೇ ಅನುಸೂಚಿ ನೋಡಿ. ಮೀನುಗಾರಿಕೆ ರಾಜ್ಯ ಪಟ್ಟಿಯ 21ನೇ ನಮೂದು. ಪ್ರಾದೇಶಿಕ ಕಡಲಿನಿಂದ ಆಚೆಗಿನ ಮೀನುಗಾರಿಕೆ ಕೇಂದ್ರ ಪಟ್ಟಿಯ 57ನೇ ನಮೂದು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ತನಕ ರಾಜ್ಯದ್ದು. ಅಲ್ಲಿ 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ನಡೆಯುತ್ತೆ. ಅದರಾಚೆ, 200 ನಾಟಿಕಲ್ ಮೈಲಿವರೆಗಿನ ವಿಶೇಷ ಆರ್ಥಿಕ ವಲಯ ಕೇಂದ್ರದ್ದು.

2017ರ ಕೇಂದ್ರದ ಆದೇಶ ಆ ಆಚೆಗಿನ ಕಡಲಿಗೆ. ನೀರಿನ ಮೇಲಿನ ದೀಪವಾಗಲಿ, ಒಳಗಿನ ದೀಪವಾಗಲಿ, ಜನರೇಟರ್ ಇರಲಿ, ಇಲ್ಲದಿರಲಿ, ಮೀನುಗಾರಿಕೆಗೆ ಅದನ್ನು ಅಳವಡಿಸೋದೂ ಬಳಸೋದೂ ನಿಷಿದ್ಧ ಅಂತ ಅದು ಹೇಳಿತು. 2025ರ ನವೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ವಿಶೇಷ ಆರ್ಥಿಕ ವಲಯದ ಮೀನುಗಾರಿಕೆ ನಿಯಮಗಳಲ್ಲೂ ಎಲ್‌ಇಡಿ ಮೀನುಗಾರಿಕೆ ಮತ್ತು ಬುಲ್ ಟ್ರಾಲ್ ನಿಷೇಧ ಇದೆ. ಯಾಂತ್ರೀಕೃತ ಬೋಟುಗಳು ಆ ವಲಯಕ್ಕೆ ಹೋಗೋಕೆ ಆನ್‌ಲೈನಲ್ಲಿ ಪ್ರವೇಶ ಪಾಸ್ ಪಡೀಬೇಕು. ಸಾಂಪ್ರದಾಯಿಕ ಮೀನುಗಾರರಿಗೆ ವಿನಾಯಿತಿ ಇದೆ.

ಕಾಗದದಲ್ಲಿ ಏನೂ ಕಡಿಮೆ ಇಲ್ಲ. ಕಷ್ಟ ಇರೋದು ಹಿಡಿಯೋದರಲ್ಲಿ. ಅಮಾವಾಸ್ಯೆಯ ರಾತ್ರಿ, ದಡದಿಂದ ಎಷ್ಟೋ ದೂರದಲ್ಲಿ ಉರಿಯೋ ದೀಪವನ್ನು ಹಿಡಿಯೋಕೆ ಗಸ್ತು ಬೋಟು ಹೋಗಬೇಕು. ಕತ್ತಲಲ್ಲಿ ಗಸ್ತು ಬೋಟು ಬರೋದು ದೂರದಿಂದಲೇ ಗೊತ್ತಾಗುತ್ತೆ. ಸ್ವಿಚ್ ಆರಿಸೋಕೆ ಒಂದು ಕ್ಷಣ, ಕೇಬಲ್ ಮೇಲೆಳೆಯೋಕೆ ಕೆಲವು ನಿಮಿಷ. ಇಳಿಬಿಡೋ ದೀಪಕ್ಕೆ ಬೋಟಿನ ಮೈಯಲ್ಲಿ ಒಂದು ತೂತೂ ಬೇಡ, ಎಳೆದು ಒಳಗಿಟ್ಟರೆ ಗುರುತೇ ಉಳಿಯಲ್ಲ. ಅದು ರಾಜ್ಯದ ನೀರೋ ಕೇಂದ್ರದ ನೀರೋ ಅನ್ನೋ ತಕರಾರು ಬೇರೆ.

ದಡದಲ್ಲಿ ಹಿಡಿಯೋದು ಸಾಧ್ಯ

ಆದರೆ ಆ 2017ರ ಆದೇಶದಲ್ಲೇ ‘ಅಳವಡಿಸೋದು’ ಅನ್ನೋದೂ ಇದೆ. ಅಳವಡಿಸೋ ಕೆಲಸ ನಡೆಯೋದು ಕಡಲಲ್ಲಲ್ಲ. ದೀಪ ಎಳೆದು ಬಚ್ಚಿಡಬಹುದು, ಜನರೇಟರನ್ನು ಬಚ್ಚಿಡೋದು ಅಷ್ಟು ಸುಲಭ ಅಲ್ಲ. ಸ್ವಿಚ್ ಬೋರ್ಡು, ಡ್ರೈವರುಗಳ ಸಾಲು, ಡೆಕ್ಕಿನ ಅಂಚಿಗೆ ಎಳೆದ ಕೇಬಲ್ಲು, ಇವೆಲ್ಲ ಎಲೆಕ್ಟ್ರಿಷಿಯನ್ ಒಬ್ಬನ ಕಣ್ಣಿಗೆ ಹಗಲಲ್ಲಿ ಹತ್ತು ನಿಮಿಷದಲ್ಲಿ ಕಾಣುತ್ತವೆ.

ನೋಡೋಕೆ ಸಮಯವೂ ಇದೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮಂಗಳೂರು ದಕ್ಕೆ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರದ ಬೈತಖೋಲ್, ಎಲ್ಲ ಕಡೆ ಬೋಟುಗಳು ಸಾಲಾಗಿ ಲಂಗರು ಹಾಕಿರುತ್ತವೆ. ಬಲೆ ಹೊಲಿಯೋದು, ಎಂಜಿನ್ ರಿಪೇರಿ, ಬಣ್ಣ, ವೈರಿಂಗ್ ಎಲ್ಲಕ್ಕೂ ಅದೇ ಸಮಯ. ರಾಜ್ಯದ ಬೋಟೆಲ್ಲ ಒಂದೇ ಸಲ ಕಣ್ಣಿಗೆ ಬೀಳೋದು ಆ ಎರಡು ತಿಂಗಳು ಮಾತ್ರ.

ನನ್ನ ಸಲಹೆ ಸರಳ. ಪಟ್ಟಂದೂರು ಅಗ್ರಹಾರದಲ್ಲಿ ಮನೆ ಕಟ್ಟಿದರೆ ಬೆಸ್ಕಾಂ ಮೊದಲು ಕೇಳೋದು ‘ಎಷ್ಟು ಕಿಲೋವ್ಯಾಟ್ ಲೋಡ್’ ಅಂತ. ಮಂಜೂರಾದ ಲೋಡ್ ಬಿಲ್ಲಿನಲ್ಲೇ ಅಚ್ಚಾಗಿರುತ್ತೆ. ಅದೇ ಥರ ಪ್ರತಿ ಯಾಂತ್ರೀಕೃತ ಬೋಟಿಗೂ ಒಂದು ಲೋಡ್ ಪಟ್ಟಿ ಇರಲಿ. ಸಂಚಾರ ದೀಪಗಳಿಗೆ ಇಷ್ಟು, ಕ್ಯಾಬಿನ್ನು ಮತ್ತು ಡೆಕ್ಕಿಗೆ ಇಷ್ಟು, ವೈರ್‌ಲೆಸ್, ಜಿಪಿಎಸ್, ಮೀನು ಹುಡುಕೋ ಸೋನಾರಿಗೆ ಇಷ್ಟು, ಪಂಪಿಗೆ ಇಷ್ಟು. ಕೂಡಿಸಿ ಒಂದು ಸಂಖ್ಯೆ ಬರುತ್ತೆ. ಇರೋ ಜನರೇಟರ್ ಆ ಸಂಖ್ಯೆಗಿಂತ ಹಲವು ಪಟ್ಟು ದೊಡ್ಡದಾಗಿದ್ದರೆ, ಅದು ಯಾವುದಕ್ಕೆ ಅಂತ ಮಾಲೀಕರು ಹೇಳಲಿ. ಶೈತ್ಯೀಕರಣಕ್ಕಾದರೆ ಯಂತ್ರ ತೋರಿಸಲಿ. ರಜೆ ಮುಗಿದು ಆಗಸ್ಟ್‌ನಲ್ಲಿ ಕಡಲಿಗೆ ಇಳಿಯೋ ಮೊದಲು ಈ ತಪಾಸಣೆ ಮುಗಿದಿರಬೇಕು. ರಾಜ್ಯ ಕೊಡೋ ತೆರಿಗೆರಹಿತ ಡೀಸೆಲ್‌ಗೂ ಕೇಂದ್ರದ ಪ್ರವೇಶ ಪಾಸಿಗೂ ಇದೇ ಪಟ್ಟಿಯನ್ನು ಜೋಡಿಸಬಹುದು. ತೆರಿಗೆ ಬಿಟ್ಟು ಕೊಟ್ಟ ಡೀಸೆಲ್ಲಿನಿಂದ ನಿಷೇಧಿತ ದೀಪ ಉರೀತಿದ್ದರೆ, ಅದರಲ್ಲಿ ನಮ್ಮೆಲ್ಲರ ದುಡ್ಡೂ ಇದೆ.

ತಪ್ಪಿಸಿಕೊಳ್ಳೋ ದಾರಿ ಇಲ್ಲವೇ ಅಂದರೆ, ಇದೆ. ರಜೆ ಮುಗಿದ ಮೇಲೆ ಜನರೇಟರ್ ಹತ್ತಿಸಬಹುದು, ಬೇರೊಂದು ಬೋಟಿನಲ್ಲಿ ದೀಪ ಸಾಗಿಸಬಹುದು. ಆದರೆ ಅದೂ ಬಂದರಿನಿಂದಲೇ ಹೋಗಬೇಕು. ರಾತ್ರಿಯ ಕಡಲಲ್ಲಿ ಹುಡುಕೋದಕ್ಕಿಂತ ಹಗಲಿನ ದಕ್ಕೆಯಲ್ಲಿ ಹುಡುಕೋದು ಸುಲಭ, ಅಗ್ಗ.

ಬೋಟ್ ಮಾಲೀಕರ ಮಾತನ್ನೂ ಕೇಳಬೇಕು. ಡೀಸೆಲ್ ದುಬಾರಿ, ಬ್ಯಾಂಕಿನ ಸಾಲ ಇದೆ, ಪಕ್ಕದ ರಾಜ್ಯದವರು ಲೈಟ್ ಹಾಕುವಾಗ ನಾವು ಮಾತ್ರ ಸುಮ್ಮನಿದ್ದರೆ ಹೇಗೆ ಅಂತ ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಇದು ಒಂದು ಬಂದರಿನಲ್ಲಿ, ಒಂದು ರಾಜ್ಯದಲ್ಲಿ ಮಾತ್ರ ನಡೆದರೆ ಸಾಲದು. ಎಲ್ಲರೂ ನಿಲ್ಲಿಸ್ತಾರೆ ಅಂತ ಖಾತ್ರಿಯಾದರೆ ನಿಲ್ಲಿಸೋಕೆ ಸಿದ್ಧ ಇರೋ ಮಾಲೀಕರೂ ಇರ್ತಾರೆ. ಎಲ್ಲರೂ ದೀಪ ಹಾಕಿದಾಗ ಯಾರಿಗೂ ಹೆಚ್ಚಿನ ಮೀನು ಸಿಗಲ್ಲ, ಎಲ್ಲರ ಡೀಸೆಲ್ ಖರ್ಚು ಮಾತ್ರ ಏರುತ್ತೆ.

ಶಾಕ್ ಹೊಡೆಯೋದು ಯಾರಿಗೆ?

ಲೈಟ್ ಫಿಶಿಂಗ್ ಚರ್ಚೆಯಲ್ಲಿ ಅಷ್ಟಾಗಿ ಬಾರದ ಒಂದು ಮಾತು ಇದೆ. 230 ವೋಲ್ಟಿನ ಕೇಬಲ್ಲನ್ನು ಉಪ್ಪುನೀರಿಗೆ ಇಳಿಬಿಟ್ಟು ಮೇಲೆಳೆಯೋದು ಮಾಲೀಕ ಅಲ್ಲ, ಕಲಾಸಿ. ಒದ್ದೆ ಡೆಕ್ಕು, ಬರಿಗಾಲು, ಉಪ್ಪಿನ ಮೈ. ನಮ್ಮ ಮನೆಗಳಲ್ಲಿ 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿದುಹಾಕೋ ಆರ್‌ಸಿಸಿಬಿ ಹಾಕ್ತೇವೆ. ಬೋಟಿನ ಮೇಲೆ ಅದು ಇನ್ನೂ ಹೆಚ್ಚು ಬೇಕು. ಆದರೆ ನಿಷೇಧಿತ ವೈರಿಂಗನ್ನು ಯಾರಾದರೂ ತಪಾಸಣೆಗೆ ತೋರಿಸ್ತಾರಾ? ಕದ್ದು ಮಾಡಿದ ಕೆಲಸಕ್ಕೆ ಸುರಕ್ಷತೆಯ ಪ್ರಮಾಣಪತ್ರ ಇರಲ್ಲ. ನಿಷೇಧ ಇದ್ದು ತಪಾಸಣೆ ಇಲ್ಲದಿದ್ದರೆ ದೀಪ ಆರಲ್ಲ, ಅಪಾಯ ಮಾತ್ರ ಬೆಳೆಯುತ್ತೆ. ಆ ಅಪಾಯ ಹೊತ್ತವರಲ್ಲಿ ದೂರದ ಊರುಗಳಿಂದ ಕೂಲಿಗೆ ಬಂದವರೂ ಇದ್ದಾರೆ.

ಲೋಡ್ ಪಟ್ಟಿಯಿಂದ ಅವರಿಗೂ ಲಾಭ ಇದೆ. ಬೋಟಿನ ಎಲ್ಲ ವೈರಿಂಗನ್ನೂ ವರ್ಷಕ್ಕೊಮ್ಮೆ ಯಾರಾದರೂ ನೋಡಿದರೆ, ಪಂಪಿನ ಕೆಟ್ಟ ವೈರೂ ಕಣ್ಣಿಗೆ ಬೀಳುತ್ತೆ, ಫ್ಯೂಸ್ ಇಲ್ಲದ ಬ್ಯಾಟರಿಯೂ ಕಾಣುತ್ತೆ.

ಬೆಂಗಳೂರಿನ ನಮಗೆ ಇದರಲ್ಲೇನು ಕೆಲಸ ಅಂತ ಕೇಳಬಹುದು. ಇಲ್ಲಿಯ ಮೀನಿನ ಅಂಗಡಿಗೆ ಬರೋ ಬಂಗುಡೆ ಯಾವ ಬೆಳಕಲ್ಲಿ ಹಿಡಿದದ್ದು ಅಂತ ಅದರ ಮೇಲೆ ಬರೆದಿರಲ್ಲ. ಆದರೆ ಮುಂದಿನ ಮೇ ತಿಂಗಳಲ್ಲಿ, ರಜೆ ಶುರುವಾಗೋ ಮೊದಲೇ, ಒಂದು ಪ್ರಶ್ನೆ ಕೇಳಬಹುದು. ಶಾಸಕರಿಗೆ ಕೇಳಿ, ಮೀನುಗಾರಿಕೆ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿಯೂ ಕೇಳಿ: ‘ಈ 61 ದಿನಗಳಲ್ಲಿ ಎಷ್ಟು ಬೋಟುಗಳ ಜನರೇಟರ್ ಮತ್ತು ವೈರಿಂಗ್ ತಪಾಸಣೆ ಮಾಡ್ತೀರಿ?’ ಉತ್ತರ ಒಂದು ಸಂಖ್ಯೆಯಾಗಿರಬೇಕು. ‘ಕ್ರಮ ಕೈಗೊಳ್ಳಲಾಗುವುದು’ ಅನ್ನೋದು ಸಂಖ್ಯೆ ಅಲ್ಲ.